ದೊಡ್ಡ ಕ್ಯಾಮೆರಾ, ಸಣ್ಣ ನೆನಪು



ನಮ್ಮ ಕುಟುಂಬಗಳಲ್ಲಿ ಇಂದು ಕ್ಯಾಮೆರಾಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಛಾಯಾಚಿತ್ರಗಳಿಗೆ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಯಾವ ಸಮಾರಂಭವನ್ನಾದರೂ ತೆಗೆದುಕೊಳ್ಳಿ. ವೇದಿಕೆಯ ಮುಂದೆ ಫಿರಂಗಿಗಳಂತೆ ಚಾಚಿಕೊಂಡ ಲೆನ್ಸ್‌ಗಳು, ಅವುಗಳ ಹಿಂದೆ ತಲೆಯ ಮೇಲೆತ್ತಿ ಹಿಡಿದ ಮೊಬೈಲುಗಳು, ಇವೆರಡರ ಹಿಂದೆ ಏನೂ ಕಾಣದೆ ತಾಳ್ಮೆಯಿಂದ ಕುಳಿತ ಹಿರಿಯರು. ಒಂದೇ ಸಂಜೆಯಲ್ಲಿ ಸಾವಿರಾರು ಚಿತ್ರಗಳು ಹುಟ್ಟುತ್ತವೆ. ಆದರೆ ಐದು ವರ್ಷಗಳ ಹಿಂದಿನ ಸಮಾರಂಭವೊಂದರಲ್ಲಿ ಹಿಂಬದಿಯ ಅಡುಗೆಮನೆಯಲ್ಲಿ ನಿಂತು ಮುನ್ನೂರು ಮಂದಿಗೆ ಬಿಸಿಬೇಳೆಬಾತ್ ಬಡಿಸಿದ ತಾಯಿಯ ಒಂದು ಸ್ಪಷ್ಟ ಚಿತ್ರವನ್ನು, ಅವರ ಹೆಸರಿನೊಡನೆ, ಕೊಡಿ ಎಂದು ಕೇಳಿ ನೋಡಿ. ಸಿಗುವುದಿಲ್ಲ. ವೇದಿಕೆಯ ಮೇಲಿನ ಬ್ಯಾನರು ಮಾತ್ರ ನಲವತ್ತು ಕೋನಗಳಿಂದ ಸಿಗುತ್ತದೆ.

ಇದಕ್ಕೆ ಹಣದ ಅಭಾವ ಕಾರಣವಲ್ಲ, ಆಸಕ್ತಿಯ ಅಭಾವವೂ ಅಲ್ಲ. ನಾವು ತಪ್ಪು ವಸ್ತುವಿಗೆ ಹಣ ತೆರುತ್ತಿದ್ದೇವೆ, ತಪ್ಪು ದಿಕ್ಕಿಗೆ ಕ್ಯಾಮೆರಾ ತಿರುಗಿಸುತ್ತಿದ್ದೇವೆ, ತೆಗೆದ ಚಿತ್ರವನ್ನು ಅರ್ಧದಲ್ಲಿಯೇ ಕೈಬಿಡುತ್ತಿದ್ದೇವೆ. ಈ ಮೂರು ಮಾತುಗಳನ್ನು ಒಂದೊಂದಾಗಿ ಸಾಧಿಸುವುದು ಈ ಲೇಖನದ ಉದ್ದೇಶ. ಕೆಲವರಿಗೆ ಇದು ಕಹಿಯಾದೀತು. ಆದರೆ ಸಂಘದ ಪುಟಗಳಲ್ಲಿ ಪರಸ್ಪರ ಬೆನ್ನು ತಟ್ಟಿಕೊಳ್ಳುವುದಷ್ಟೇ ನಡೆಯಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಒಡಲಿಗೆ ಉದಾರತೆ, ಕಣ್ಣಿಗೆ ಜಿಪುಣತನ

ನಮ್ಮ ಹವ್ಯಾಸಿ ವಲಯದಲ್ಲಿ ಪದೇ ಪದೇ ಕೇಳಿಬರುವ ಸಿದ್ಧಾಂತವೊಂದಿದೆ: ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳುವವರೆಗೆ ಛಾಯಾಗ್ರಹಣ ಆರಂಭವಾಗುವುದೇ ಇಲ್ಲ. ಹೊಸ ಮಾದರಿ ಬಂದೊಡನೆ ಹಳೆಯದನ್ನು ಮಾರಿ, ಅದರ ಮೇಲೆ ಮೂರು ಸಾವಿರ ಡಾಲರು ಸುರಿದು, ಒಂಟಾರಿಯೊದ ಶೇಕಡ 13ರ ತೆರಿಗೆ ಸೇರಿ 3,390 ಡಾಲರು ತೆತ್ತು, ಆ ಹೊಸ ಒಡಲಿನ ಮೂತಿಗೆ ಜೊತೆಯಲ್ಲಿ ಬಂದ ಸಾಧಾರಣ ಜೂಮ್ ಲೆನ್ಸನ್ನೇ ಸಿಕ್ಕಿಸಿಕೊಂಡು ಬರುವವರಿದ್ದಾರೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ.

ಲೆಕ್ಕವನ್ನು ನೋಡೋಣ, ಅಭಿಪ್ರಾಯಕ್ಕಿಂತ ಲೆಕ್ಕ ಸೌಮ್ಯವಾದ ವಾದಿ. ಫುಲ್ ಫ್ರೇಮ್ ಸೆನ್ಸರಿನ ಅಳತೆ 36 × 24 ಮಿ.ಮೀ. ಬಹುಪಾಲು ಹವ್ಯಾಸಿ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರಿನ ಅಳತೆ ಸುಮಾರು 23.5 × 15.6 ಮಿ.ಮೀ. ವಿಸ್ತೀರ್ಣದಲ್ಲಿ ಮೊದಲನೆಯದು ಎರಡನೆಯದರ ಸುಮಾರು 2.4 ಪಟ್ಟು. ಅಂದರೆ ಸಾವಿರಾರು ಡಾಲರುಗಳ ವ್ಯತ್ಯಾಸದಿಂದ ನಮಗೆ ದೊರೆಯುವ ಬೆಳಕಿನ ಲಾಭ ಎರಡೂವರೆ ಪಟ್ಟಿಗಿಂತ ಕಡಿಮೆ.

ಈಗ ಲೆನ್ಸಿನ ಲೆಕ್ಕ. ಕ್ಯಾಮೆರಾದೊಡನೆ ಬರುವ 18–55 ಮಿ.ಮೀ. ಜೂಮ್ ತನ್ನ ಉದ್ದದ ತುದಿಯಲ್ಲಿ ಎಫ್ 5.6ಕ್ಕಿಂತ ಅಗಲವಾಗಿ ತೆರೆಯುವುದಿಲ್ಲ. 50 ಮಿ.ಮೀ. ಎಫ್ 1.8 ಎಂಬ, ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ತಯಾರಿಸುವ, ಅಂಗೈಯಲ್ಲಿ ಅಡಗುವ ಲೆನ್ಸ್ ಇದೆ. ದ್ಯುತಿರಂಧ್ರದ ಸಂಖ್ಯೆ ಕಿರಿದಾದಷ್ಟೂ ಕಿಂಡಿ ದೊಡ್ಡದು. ಬೆಳಕು ಆ ಅನುಪಾತದ ವರ್ಗದಂತೆ ಏರುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 9.7. ಹತ್ತು ಪಟ್ಟು ಬೆಳಕು! ಬಳಸಿದ ಲೆನ್ಸನ್ನು ಹುಡುಕಿ ಕೊಂಡರೆ ಇದರ ಬೆಲೆ ಇನ್ನೂರು ಡಾಲರಿನ ಆಸುಪಾಸು.

ಈ ಹತ್ತು ಪಟ್ಟು ಎಂದರೇನೆಂಬುದನ್ನು ನಮ್ಮ ಸಭಾಂಗಣದಲ್ಲಿಯೇ ಕಾಣಬಹುದು. ಬಾಡಿಗೆಗೆ ಪಡೆದ ಶಾಲೆಯ ಮಂದ ಬೆಳಕಿನಲ್ಲಿ, ಐಎಸ್ಒ 3200ರಲ್ಲಿ, ಎಫ್ 5.6ಕ್ಕೆ ಶಟರ್ ವೇಗ ಸೆಕೆಂಡಿನ 30ನೇ ಒಂದು ಭಾಗ ಬಂದಿತೆನ್ನಿ. ಭರತನಾಟ್ಯದ ಮಗುವಿನ ಕೈ ಆ ಅವಧಿಯಲ್ಲಿ ಸಾಕಷ್ಟು ಚಲಿಸಿರುತ್ತದೆ. ಹಸ್ತಮುದ್ರೆಯ ಜಾಗದಲ್ಲಿ ಮಸುಕು ಮಂಜು ಉಳಿಯುತ್ತದೆ. ಅದೇ ಬೆಳಕಿನಲ್ಲಿ ಎಫ್ 1.8ಕ್ಕೆ ಆ ವೇಗ 300ನೇ ಒಂದು ಭಾಗವಾಗುತ್ತದೆ. ಬೆರಳು ಬೆರಳಾಗಿ ನಿಲ್ಲುತ್ತದೆ. ಹತ್ತು ವರ್ಷ ಹಳೆಯ ಒಡಲಿಗೆ ಈ ಲೆನ್ಸ್ ಜೋಡಿಸಿದವರು, ಹೊಸ ಒಡಲಿಗೆ ಹಳೆಯ ಜೂಮ್ ಜೋಡಿಸಿದವರನ್ನು ಇಂತಹ ಸಂಜೆಗಳಲ್ಲಿ ಪ್ರತಿ ಸಲವೂ ಸೋಲಿಸುತ್ತಾರೆ.

ಮೆಗಾಪಿಕ್ಸೆಲ್ ಮೋಹದ ಮಾತೂ ಇಷ್ಟೇ. ಹತ್ತು ಅಂಗುಲ ಉದ್ದ, ಎಂಟು ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಉತ್ತಮವಾಗಿ ಮುದ್ರಿಸಲು ಬೇಕಾದದ್ದು 7.2 ಮೆಗಾಪಿಕ್ಸೆಲ್. ಗೋಡೆಯ ಮೇಲಿನ 4ಕೆ ದೂರದರ್ಶನದ ಇಡೀ ಪರದೆಯಲ್ಲಿರುವುದು 8.3 ಮೆಗಾಪಿಕ್ಸೆಲ್. ನಿಮ್ಮ ಕಪಾಟಿನಲ್ಲಿ ಮಲಗಿರುವ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇವೆರಡಕ್ಕೂ ಮೂರು ಪಟ್ಟು ಸಾಕು. ಹಾಗಿದ್ದರೂ 45, 60 ಎಂದು ಓಡುವವರು ಕೊನೆಗೆ ಆ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಅದು ಕುಗ್ಗಿಸಿ ಕಳಿಸಿದ ರೂಪದಲ್ಲಿ ಅಂಗೈಯಗಲದ ಪರದೆಯ ಮೇಲೆ ನೋಡುತ್ತಾರೆ.

ಇನ್ನೊಂದು ಸಂಗತಿ. ಒಡಲು ಬೇಗ ಮುಪ್ಪಾಗುತ್ತದೆ, ಲೆನ್ಸ್ ಬಾಳುತ್ತದೆ. ಥಾರ್ನ್‌ಹಿಲ್‌ನಿಂದ ಹೆದ್ದಾರಿ 400 ಹಿಡಿದು ಬ್ಯಾರಿ ದಾಟಿದರೆ ಜಾರ್ಜಿಯನ್ ಕೊಲ್ಲಿಯ ದಡದಲ್ಲಿ ಮಿಡ್‌ಲ್ಯಾಂಡ್ ಎಂಬ ಪುಟ್ಟ ಊರು ಸಿಗುತ್ತದೆ. ಜರ್ಮನಿಯ ಲೈಟ್ಸ್ ಕಂಪನಿ 1952ರಲ್ಲಿ ಅಲ್ಲಿ ತನ್ನ ಕೆನಡಾ ಘಟಕವನ್ನು ತೆರೆಯಿತು. ವಾಲ್ಟರ್ ಮ್ಯಾಂಡ್ಲರ್ ಎಂಬ ತಜ್ಞ ಅಲ್ಲಿದ್ದು ರೂಪಿಸಿದ ಲೈಕಾ ಲೆನ್ಸ್‌ಗಳಲ್ಲಿ 1976ರ 50 ಮಿ.ಮೀ. ಎಫ್ 1.0 ನಾಕ್ಟಿಲಕ್ಸ್ ಕೂಡ ಒಂದು. ಆ ಕಾಲದ ಲೆನ್ಸ್‌ಗಳು ಇಂದಿನ ಡಿಜಿಟಲ್ ಲೈಕಾ ಎಂ ಒಡಲಿಗೆ ಹಾಗೆಯೇ ಕೂಡುತ್ತವೆ. ಆದರೆ ಹದಿನೈದು ವರ್ಷಗಳ ಹಿಂದೆ ನಾವು ಹೆಮ್ಮೆಯಿಂದ ಕೊಂಡ ಡಿಜಿಟಲ್ ಒಡಲುಗಳನ್ನು ಇಂದು ಉಡುಗೊರೆಯಾಗಿ ಕೊಟ್ಟರೂ ಮಕ್ಕಳು ಮುಟ್ಟುವುದಿಲ್ಲ. ಉಳಿಯುವ ವಸ್ತುವಿಗೆ ಹಣ ತೊಡಗಿಸಬೇಕೆಂಬ ವಿವೇಕವನ್ನು ಮನೆ ಕೊಳ್ಳುವಾಗ ತೋರುವ ನಾವು ಕ್ಯಾಮೆರಾ ಅಂಗಡಿಯಲ್ಲಿ ಏಕೆ ಮರೆಯುತ್ತೇವೆ?

ಆದುದರಿಂದ ಹೊಸದಾಗಿ ಹವ್ಯಾಸಕ್ಕಿಳಿಯುವವರಿಗೆ ನನ್ನ ಸಲಹೆ ಸರಳ. ಬಳಸಿದ, ಸುಸ್ಥಿತಿಯ ಒಡಲು. ಅದಕ್ಕೆ ಒಂದೇ ಒಂದು ಅಗಲ ಕಿಂಡಿಯ ಲೆನ್ಸ್. ಎಪಿಎಸ್-ಸಿ ಒಡಲಿಗೆ 35 ಮಿ.ಮೀ. ಎಫ್ 1.8 ಅಥವಾ ಎಫ್ 2 ಆದರೆ ಮನೆಯೊಳಗಿನ ಪೂಜೆ, ಊಟ, ಹರಟೆ ಎಲ್ಲಕ್ಕೂ ಒದಗುತ್ತದೆ. ಒಬ್ಬರ ಮುಖವನ್ನಷ್ಟೇ ತೆಗೆಯುವಾಗ 50 ಮಿ.ಮೀ. ಹಿತ. ಒಂದು ವರ್ಷ ಬೇರೇನನ್ನೂ ಕೊಳ್ಳಬೇಡಿ. ಜೂಮ್ ಇಲ್ಲದಿದ್ದರೆ ದೂರದ್ದು ಹೇಗೆ ಎನ್ನುತ್ತೀರಾ? ಕಾಲುಗಳಿವೆ. ವೇದಿಕೆಯ ಹತ್ತಿರ ಹೋಗಲಾಗದು ಎನ್ನುತ್ತೀರಾ? ಕಾರ್ಯಕ್ರಮದ ಹಿಂದಿನ ದಿನದ ತಾಲೀಮಿಗೆ ಹೋಗಿ. ಅಲ್ಲಿ ಯಾರ ನೋಟಕ್ಕೂ ಅಡ್ಡಿಯಿಲ್ಲ, ಮಕ್ಕಳ ಮುಖದಲ್ಲಿ ಭಯವಿಲ್ಲ, ಗೆಜ್ಜೆ ಕಟ್ಟುವ ಅಜ್ಜಿಯೂ ಸಿಗುತ್ತಾರೆ. ಸಭಾಂಗಣದ ಹಿಂದಿನ ಸಾಲಿನಿಂದ ಫ್ಲಾಶ್ ಹೊಡೆಯುವ ಮಹನೀಯರಿಗೆ ಒಂದು ಭೌತಶಾಸ್ತ್ರದ ನೆನಪು: ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗವಾಗುತ್ತದೆ. ನಿಮ್ಮ ಫ್ಲಾಶ್ ಬೆಳಗುವುದು ಮುಂದಿನ ಸಾಲಿನ ಬೋಳು ತಲೆಗಳನ್ನು, ನರ್ತಕಿಯನ್ನಲ್ಲ.

ಹಿತ್ತಲ ಗಿಡ

ಎರಡನೆಯ ಮಾತು ಕ್ಯಾಮೆರಾ ತಿರುಗಬೇಕಾದ ದಿಕ್ಕಿನದು. ಅಕ್ಟೋಬರ್ ಬಂದೊಡನೆ ಕೆಂಪೆಲೆ ಅರಸಿ ಆಲ್ಗಾಂಕ್ವಿನ್‌ಗೆ, ವಸಂತದಲ್ಲಿ ಚೆರ್ರಿ ಹೂವಿಗೆಂದು ಹೈ ಪಾರ್ಕಿಗೆ, ನಡುವೆ ನಯಾಗರಾಗೆ ನಮ್ಮ ಛಾಯಾಯಾತ್ರೆಗಳು ಹೊರಡುತ್ತವೆ. ಹೋಗಲಿ, ಸಂತೋಷ. ಆದರೆ ಅಲ್ಲಿ ತೆಗೆದ ಚಿತ್ರ ನಮಗಿಂತ ಮೊದಲು ಲಕ್ಷ ಜನ ಅದೇ ಕಟ್ಟೆಯ ಮೇಲೆ ನಿಂತು ತೆಗೆದದ್ದು; ನಾವು ತೆಗೆಯದಿದ್ದರೆ ಜಗತ್ತಿಗೆ ನಷ್ಟವಿಲ್ಲ. ನಾವು ತೆಗೆಯದಿದ್ದರೆ ಬೇರೆ ಯಾರೂ ತೆಗೆಯಲಾರದ ಚಿತ್ರಗಳು ನಮ್ಮ ಮನೆಯೊಳಗಿವೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಮ್ಮ ಥಾರ್ನ್‌ಹಿಲ್ ಒಂದು ಅದ್ಭುತ ಪ್ರತ್ಯುತ್ತರ ಕೊಟ್ಟಿದೆ. ಇಲ್ಲಿನ ಸೆಂಟರ್ ಸ್ಟ್ರೀಟಿನಲ್ಲಿ ಚಿತ್ರಕಾರ ಜೆ.ಇ.ಎಚ್. ಮ್ಯಾಕ್‌ಡೊನಾಲ್ಡ್ ವಾಸಿಸುತ್ತಿದ್ದರು, ಮುಂದೆ ಗ್ರೂಪ್ ಆಫ್ ಸೆವೆನ್ ಎಂದು ಹೆಸರಾದ ಬಳಗದ ಸ್ಥಾಪಕರಲ್ಲಿ ಅವರೊಬ್ಬರು. ಆ ಮನೆ ಇಂದಿಗೂ ಇದೆ. 1916ರಲ್ಲಿ ಅವರು ತಮ್ಮ ಮನೆಯ ತೋಟವನ್ನೇ, ಬಾಗಿದ ಸೂರ್ಯಕಾಂತಿಗಳನ್ನೂ ಹೆಣೆದುಕೊಂಡ ಗಿಡಬಳ್ಳಿಗಳನ್ನೂ, ಚಿತ್ರಿಸಿದರು. 'ದಿ ಟ್ಯಾಂಗಲ್ಡ್ ಗಾರ್ಡನ್' ಎಂಬ ಆ ಚಿತ್ರವನ್ನು ಅಂದಿನ ವಿಮರ್ಶಕರು ಹೀಗಳೆದರು. ಇಂದು ಅದು ಒಟ್ಟಾವಾದ ರಾಷ್ಟ್ರೀಯ ಕಲಾಶಾಲೆಯ ಹೆಮ್ಮೆಯ ಸೊತ್ತು. ಅದನ್ನು ಬರೆದದ್ದು ದುಬಾರಿ ಕ್ಯಾನ್ವಾಸಿನ ಮೇಲಲ್ಲ. ಬೀವರ್‌ಬೋರ್ಡ್ ಎಂಬ, ಗೋಡೆಗೆ ಹೊಡೆಯುವ ಅಗ್ಗದ ರಟ್ಟಿನ ಹಲಗೆಯ ಮೇಲೆ. ನಾವು ದಿನವೂ ದಿನಸಿ ತರಲು ಓಡಾಡುವ ಬೀದಿಯ ಪಕ್ಕದಲ್ಲಿ, ತನ್ನ ಹಿತ್ತಲಿನಲ್ಲಿ, ಕೈಗೆ ಸಿಕ್ಕ ಹಲಗೆಯ ಮೇಲೆ ಒಬ್ಬಾತ ಅಷ್ಟನ್ನು ಕಂಡನು. ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೆ ಹೇಳಬೇಕು?

ನಮ್ಮ ನಾಡಿನಿಂದಲೇ ಇನ್ನೊಂದು ಸಾಕ್ಷ್ಯ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ಆತ ವೃತ್ತಿಪರನಲ್ಲ, ಹವ್ಯಾಸಿ. 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ನಾವೆಲ್ಲರೂ ನೋಡಿರುವ ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಆತನ ಚಿತ್ರದಲ್ಲಿ ಇಟ್ಟಿಗೆಯ ಗೋಪುರವಿದೆ; ಇಂದು ಆ ಗೋಪುರವಿಲ್ಲ. ಅದು ಹೇಗಿತ್ತೆಂದು ನಾವು ಕಣ್ಣಾರೆ ತಿಳಿಯುವುದು ಆ ಹವ್ಯಾಸಿಯ ಕಾಗದದಿಂದ. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನಡುವಿನ ಕಾಲ ಏನನ್ನು ಉಳಿಸಿತು, ಏನನ್ನು ಕೆಡವಿತು ಎಂಬುದು ಜೋಡಿ ಚಿತ್ರಗಳಲ್ಲಿ ಎದ್ದು ಕಂಡಿತು. ಹವ್ಯಾಸಿಯ ಘನತೆ ಇರುವುದು ಇಲ್ಲಿ: ವೃತ್ತಿಪರರನ್ನು ಯಾರೂ ಕರೆಯದ ಕಡೆ, ಮುಂದೆ ಇಲ್ಲವಾಗುವ ವಸ್ತುವಿನ ಮುಂದೆ, ತಾನಾಗಿ ನಿಂತು ದಾಖಲಿಸುವುದರಲ್ಲಿ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಪಕ್ಷಿ, ಪ್ರಾಣಿಗಳ ಛಾಯಾಗ್ರಹಣಕ್ಕೆ ಉದ್ದದ ಲೆನ್ಸ್ ಬೇಡವೆ? ಬೇಕು. ಕರ್ನಾಟಕವೇ ಆ ಕಲೆಯ ತವರುಗಳಲ್ಲೊಂದು: ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಆದರೆ ಇವರು ಕೆಲಸ ಮಾಡಿದ್ದು 36 ಚಿತ್ರಗಳಿಗೆ ಮುಗಿದುಹೋಗುವ ಫಿಲ್ಮ್ ಸುರುಳಿಯ ಕಾಲದಲ್ಲಿ. ಹಕ್ಕಿಯ ನಡೆ, ಗೂಡು, ಹೊತ್ತು ಎಲ್ಲವನ್ನೂ ಅರಿತ ಬಳಿಕವೇ ಅವರ ಬೆರಳು ಗುಂಡಿಯನ್ನು ಒತ್ತುತ್ತಿತ್ತು. ತೇಜಸ್ವಿಯವರ ಪಕ್ಷಿಚಿತ್ರಗಳ ಹಿಂದೆ ಅವರ ತೋಟದಲ್ಲಿ ಕಾದು ಕುಳಿತ ವರ್ಷಗಳಿವೆ. ಇಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ಉಗುಳುವ ಯಂತ್ರ ಹಿಡಿದು, ಹಿಮಗೂಬೆಯ ಮುಂದೆ ಸಾಕಿದ ಇಲಿಯನ್ನು ಎಸೆದು ಸೆಳೆಯುವ ಚಾಳಿ ಒಂಟಾರಿಯೊದ ಹೊಲಗಳಲ್ಲಿ ಕಾಣಿಸಿಕೊಂಡು ಪಕ್ಷಿಪ್ರೇಮಿಗಳ ಖಂಡನೆಗೆ ಗುರಿಯಾಗಿದೆ. ಅದನ್ನು ಛಾಯಾಗ್ರಹಣವೆಂದು ಕರೆಯಲಾರೆ. ಉದ್ದದ ಲೆನ್ಸ್ ಕೊಳ್ಳುವ ಮುನ್ನ ನಮ್ಮ ಓಕ್‌ಬ್ಯಾಂಕ್ ಕೊಳದ ದಡದಲ್ಲಿ ಒಂದು ಋತುವಿಡೀ ಬರಿಗೈಯಲ್ಲಿ ಕುಳಿತು ಬಾತುಗಳನ್ನು ನೋಡಿ. ಆಮೇಲೂ ಆಸೆ ಉಳಿದಿದ್ದರೆ, ಮೊದಲು ಬಾಡಿಗೆಗೆ ತಂದು ನೋಡಿ. ಕೊಂಡುಕೊಳ್ಳುವುದು ಆನಂತರದ ಮಾತು.

ಮೊಬೈಲೇ ಸಾಕು ಎನ್ನುವವರಿಗೆ

ಇಷ್ಟು ಓದಿ ಮೊಬೈಲ್ ಪಕ್ಷದವರು ಹಿಗ್ಗಿರಬಹುದು. ಅವರ ವಾದದಲ್ಲಿ ಅರ್ಧ ಸತ್ಯವಿದೆ. ಹಗಲಿನ ಬೆಳಕಿನಲ್ಲಿ, ನಿಂತ ವಸ್ತುವಿಗೆ, ಇಂದಿನ ಮೊಬೈಲಿನ ಚಿತ್ರ ಬಹುಪಾಲು ಸಾಕು. ಕೈಯಲ್ಲಿರುವ ಕ್ಯಾಮೆರಾವೇ ಉತ್ತಮ ಕ್ಯಾಮೆರಾ ಎಂಬುದೂ ನಿಜ. ಆದರೆ ಅದರ ಪುಟ್ಟ ಸೆನ್ಸರು ಮಂದ ಬೆಳಕಿನ ಕೊರತೆಯನ್ನು ಹಲವು ಚಿತ್ರಗಳನ್ನು ಬೆಸೆದು, ಒರಟನ್ನು ತಿಕ್ಕಿ ತುಂಬಿಕೊಳ್ಳುತ್ತದೆ. ಆ ತಿಕ್ಕುವಿಕೆಯಲ್ಲಿ ಮೊದಲು ಹೋಗುವುದು ಮುಖದ ಗೆರೆಗಳು. ಅದರ ಮೇಲೆ ನಾವೇ ಇಚ್ಛಾಪೂರ್ವಕವಾಗಿ ಸೌಂದರ್ಯದ ಫಿಲ್ಟರ್ ಹಚ್ಚಿದರೆ ಎಂಬತ್ತರ ಅಜ್ಜಿ ನಲವತ್ತರ ಬೊಂಬೆಯಾಗುತ್ತಾರೆ; ಎಣ್ಣೆಗಪ್ಪಿನ ಅಪ್ಪ ಗೋಧಿಬಣ್ಣಕ್ಕೆ ತಿರುಗುತ್ತಾರೆ.

ಇದು ಕ್ಷುಲ್ಲಕ ಸಂಗತಿಯಲ್ಲ. ಫಿಲ್ಮ್ ಯುಗದಲ್ಲಿ ಬಣ್ಣವನ್ನು ಹದಗೊಳಿಸಲು ಪ್ರಯೋಗಾಲಯಗಳು ಬಳಸುತ್ತಿದ್ದ 'ಶರ್ಲಿ' ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯೊಬ್ಬಳ ಮುಖ. ಆ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ಕಂದು, ಕಪ್ಪು ಮುಖಗಳು ನೆರಳಿನಲ್ಲಿ ಮುಳುಗಿದರೆ ಅದು ಯಾರ ಚಿಂತೆಯೂ ಅಲ್ಲ. ಮಾಂಟ್ರಿಯಾಲಿನ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಲೋರ್ನಾ ರಾತ್ 2009ರಲ್ಲಿ ಈ ಇತಿಹಾಸವನ್ನು ಬಿಡಿಸಿ ಬರೆದರು. ಆ ಪಕ್ಷಪಾತದಿಂದ ತಂತ್ರಜ್ಞಾನ ಬಹುಮಟ್ಟಿಗೆ ಹೊರಬಂದ ಬಳಿಕ, ನಮ್ಮ ತಾಯಂದಿರ ಬಣ್ಣವನ್ನು ನಾವೇ ಬೆರಳಿನಿಂದ ಒರಸಿಹಾಕುವುದು ಎಂತಹ ವಿಪರ್ಯಾಸ!

ಮುಖ ಮುಖವಾಗಿಯೇ ಬರಬೇಕಾದರೆ ಯಂತ್ರದ ಸ್ವಭಾವವನ್ನು ತಿಳಿದಿರಬೇಕು, ಈ ದೇಶದ ಚಳಿಗಾಲದಲ್ಲಂತೂ ವಿಶೇಷವಾಗಿ. ಕ್ಯಾಮೆರಾದ ಬೆಳಕಿನ ಮಾಪಕ ಜಗತ್ತೆಲ್ಲವೂ ನಡುಬೂದಿ ಬಣ್ಣದ್ದೆಂದು ಭಾವಿಸುತ್ತದೆ. ಹಿಮ ತುಂಬಿದ ಅಂಗಳದಲ್ಲಿ ಅದು ಬೆದರಿ ಬೆಳಕನ್ನು ಕಡಿತಗೊಳಿಸುತ್ತದೆ. ಹಿಮ ಬೂದಿಯಾಗುತ್ತದೆ, ರೇಷ್ಮೆ ಸೀರೆಯುಟ್ಟು ನಿಂತ ಅತ್ತೆಯವರ ಮುಖ ಕಾಣದಾಗುತ್ತದೆ. ಎಕ್ಸ್‌ಪೋಷರ್ ತಿದ್ದುಪಡಿಯನ್ನು +1ರಿಂದ +1.7ರವರೆಗೆ ಏರಿಸಿ, ಇಲ್ಲವೇ ಮುಖದ ಬೆಳಕನ್ನಷ್ಟೇ ಅಳೆಯಿರಿ. ಮನೆಯೊಳಗಾದರೆ ಮೇಲಿನ ದೀಪಗಳನ್ನು ಆರಿಸಿ, ಹಿರಿಯರನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ. ಹಿಮದಿಂದ ಪ್ರತಿಫಲಿಸಿ ಒಳಬರುವ ಜನವರಿಯ ಬೆಳಕು ಯಾವ ಸ್ಟುಡಿಯೋಗೂ ಕಡಿಮೆಯಲ್ಲ. ಹೊರಗಿನ ಕೊರೆಯುವ ಚಳಿಯಿಂದ ಒಳಗೆ ಬರುವ ಮೊದಲು ಕ್ಯಾಮೆರಾವನ್ನು ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಅದು ಕೋಣೆಯ ತಾಪಕ್ಕೆ ಬರುವವರೆಗೆ ತೆರೆಯಬೇಡಿ. ತೆರೆದರೆ ಗಾಜಿನ ಮೇಲೂ ಒಳಗೂ ನೀರಹನಿ ಕೂರುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ, ಮೈಬಿಸಿಯಲ್ಲಿ ಇರಿಸಿಕೊಳ್ಳಿ. ಇವು ಯಾವುದಕ್ಕೂ ಒಂದು ಕಾಸೂ ಖರ್ಚಿಲ್ಲ. ಆದುದರಿಂದಲೇ ಇವುಗಳ ಬಗೆಗೆ ಯಾವ ಜಾಹೀರಾತೂ ಇಲ್ಲ.

ಅರ್ಧಕ್ಕೆ ನಿಂತ ಚಿತ್ರ

ಮೂರನೆಯ ಮಾತೇ ಮುಖ್ಯವಾದದ್ದು. ಗುಂಡಿ ಒತ್ತಿದಾಗ ಛಾಯಾಚಿತ್ರ ಮುಗಿಯುವುದಿಲ್ಲ. ಅದು ಮುದ್ರಣಗೊಂಡು, ಅದರ ಬೆನ್ನ ಮೇಲೆ ಹೆಸರು, ಊರು, ವರ್ಷ ಬರೆಯಲ್ಪಟ್ಟಾಗ ಮುಗಿಯುತ್ತದೆ.

ಕೆನಡಾ ತನ್ನ ವಲಸೆ ನೀತಿಯಲ್ಲಿ ಅಂಕಪದ್ಧತಿಯನ್ನು ತಂದದ್ದು 1967ರಲ್ಲಿ. ಅದರ ಬೆನ್ನಲ್ಲೇ ಇಲ್ಲಿಗೆ ಬಂದಿಳಿದ ಕನ್ನಡಿಗರು ಇಂದು ಎಂಬತ್ತನ್ನು ದಾಟಿದವರು ಅಥವಾ ದಾಟುತ್ತಿರುವವರು. ಅವರ ನೆಲಮಾಳಿಗೆಗಳಲ್ಲಿ ಬೂಟಿನ ಪೆಟ್ಟಿಗೆಗಳ ತುಂಬ ಸ್ಲೈಡುಗಳಿವೆ: ಮೊದಲ ಹಿಮ, ಮೊದಲ ಕಾರು, ಬಾಡಿಗೆ ಮನೆಯಲ್ಲಿ ನಡೆದ ಮೊದಲ ಗೌರಿಪೂಜೆ, ಹತ್ತೇ ಮಂದಿಯ ಮೊದಲ ರಾಜ್ಯೋತ್ಸವ. ಆ ಹತ್ತು ಮಂದಿ ಯಾರೆಂದು ಹೇಳಬಲ್ಲವರು ಈಗ ಒಬ್ಬಿಬ್ಬರು. ಅವರೂ ಹೋದ ಮೇಲೆ ಆ ಸ್ಲೈಡುಗಳಲ್ಲಿ ಉಳಿಯುವುದು ಅಪರಿಚಿತರು. ಮನೆ ಮಾರುವಾಗ ಮೊಮ್ಮಕ್ಕಳು ಆ ಪೆಟ್ಟಿಗೆಯನ್ನು ಕಸಕ್ಕೆ ಹಾಕಿದರೆ ಅವರನ್ನು ದೂಷಿಸುವಂತಿಲ್ಲ. ಗುರುತಿಲ್ಲದ ಮುಖವನ್ನು ಯಾರು ಕಾಪಾಡುತ್ತಾರೆ?

ಆದುದರಿಂದ ಎರಡನೆಯ ಲೆನ್ಸ್ ಕೊಳ್ಳಲೇಬೇಕೆಂದಿರುವವರು ಮ್ಯಾಕ್ರೋ ಲೆನ್ಸ್ ಕೊಳ್ಳಿ. ಸ್ಲೈಡಿನ ಚಿತ್ರದ ಅಳತೆಯೂ 36 × 24 ಮಿ.ಮೀ.; ಹಿಂದಿನಿಂದ ಸಮನಾದ ಬಿಳಿ ಬೆಳಕು ಕೊಟ್ಟು, ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ ತೆಗೆದರೆ ಒಂದು ಭಾನುವಾರದ ಮಧ್ಯಾಹ್ನದಲ್ಲಿ ನೂರಾರು ಸ್ಲೈಡುಗಳ ನಕಲು ಸಿದ್ಧವಾಗುತ್ತದೆ. ಪಕ್ಕದಲ್ಲಿ ಆ ಹಿರಿಯರನ್ನೇ ಕೂರಿಸಿಕೊಂಡು ಅವರು ಹೇಳಿದ್ದನ್ನು ಬರೆದುಕೊಳ್ಳಿ. ಯಾವ ಹಿಮಗೂಬೆಯ ಬೇಟೆಗಿಂತಲೂ ಇದು ರೋಚಕ. ಹಳೆಯ ವರ್ಣಮುದ್ರಣಗಳು ದಿನದಿನಕ್ಕೆ ಕೆಂಪಿಗೆ ತಿರುಗುತ್ತಿವೆ. ಕಾಯುವಷ್ಟು ಸಮಯ ನಮಗಿಲ್ಲ.

ಡಿಜಿಟಲ್ ಚಿತ್ರ ಎಂದೆಂದಿಗೂ ಉಳಿಯುತ್ತದೆ ಎಂಬ ಭ್ರಮೆಯನ್ನೂ ಬಿಡೋಣ. ಹಾರ್ಡ್ ಡಿಸ್ಕ್ ಕೆಡುತ್ತದೆ, ಪಾಸ್‌ವರ್ಡ್ ಒಡೆಯನೊಡನೆ ಹೋಗುತ್ತದೆ, ಕಂಪನಿಗಳು ಮುಚ್ಚುತ್ತವೆ. ಟೊರಾಂಟೊದ ಮೌಂಟ್ ಡೆನಿಸ್‌ನಲ್ಲಿ ಸಾವಿರಾರು ಜನರಿಗೆ ಅನ್ನ ಕೊಟ್ಟಿದ್ದ ಕೊಡಾಕ್ ಕಾರ್ಖಾನೆ 2005ರಲ್ಲಿ ಬಾಗಿಲು ಹಾಕಿತು. ಉಳಿದ ಹಳೆಯ ಕಟ್ಟಡವೊಂದನ್ನು ಈಗ ರೈಲು ನಿಲ್ದಾಣಕ್ಕೆ ಸೇರಿಸಿಕೊಂಡಿದ್ದಾರೆ. ಕೊಡಾಕ್ ಕಾಗದದ ಮೇಲೆ ಮುದ್ರಣವಾದ ಮದುವೆಯ ಚಿತ್ರಗಳು ಮಾತ್ರ ನಮ್ಮ ಆಲ್ಬಮ್‌ಗಳಲ್ಲಿ ಹಾಗೆಯೇ ಇವೆ. ಚಿತ್ರಗಳ ಎರಡು ಪ್ರತಿಗಳನ್ನು ಮನೆಯಲ್ಲೂ ಮೂರನೆಯದನ್ನು ಬೇರೆಲ್ಲಾದರೂ ಇರಿಸಿ. ವರ್ಷಕ್ಕೆ ಇಪ್ಪತ್ತನ್ನು ಆರಿಸಿ ಮುದ್ರಿಸಿ. ಇಪ್ಪತ್ತು ಸಾವಿರದಿಂದ ಇಪ್ಪತ್ತನ್ನು ಆರಿಸುವ ಶ್ರಮವೇ ಛಾಯಾಗ್ರಹಣದ ನಿಜವಾದ ಶಿಕ್ಷಣ.

ಸೂಪರ್ ವೀಸಾದ ಮೇಲೆ ಬಂದು, ಮೊಮ್ಮಕ್ಕಳನ್ನು ಆಡಿಸಿ, ಊರಿಗೆ ಮರಳುವ ತಂದೆತಾಯಿಯರ ಪೆಟ್ಟಿಗೆಯಲ್ಲಿ ಮೇಪಲ್ ಸಿರಪ್ಪು, ಬಾದಾಮಿ, ವಿಟಮಿನ್ ಮಾತ್ರೆ ಎಲ್ಲವೂ ಇರುತ್ತವೆ. ಮೊಮ್ಮಗುವಿನೊಡನೆ ತೆಗೆದ ಒಂದು ಮುದ್ರಿತ ಚಿತ್ರವಿರುವುದಿಲ್ಲ. ಮನೆಯಲ್ಲಿ ಮೂರು ಸಾವಿರ ಡಾಲರಿನ ಕ್ಯಾಮೆರಾವಿದ್ದೂ ಇರುವುದಿಲ್ಲ. ಈ ಲೇಖನದ ಕೋಪವೆಲ್ಲವೂ ಈ ಒಂದು ವಾಕ್ಯಕ್ಕಾಗಿ.

ಕಾರ್ಯಕಾರಿ ಸಮಿತಿಗೆ ನಾಲ್ಕು ಬೇಡಿಕೆಗಳು

ಟೀಕೆಯ ಬಳಿಕ ಸಲಹೆಯೂ ಬೇಕಷ್ಟೆ.

ಮೊದಲನೆಯದು: ಸಮಾರಂಭಗಳಲ್ಲಿ ವೇದಿಕೆಯ ಮುಂದೆ ಇಬ್ಬರೇ ಛಾಯಾಗ್ರಾಹಕರು ಇರಲಿ, ಸರದಿಯಂತೆ ಸದಸ್ಯರೇ ನಿಲ್ಲಲಿ, ಫ್ಲಾಶ್ ನಿಷೇಧವಾಗಲಿ. ಮೂರನೆಯವರೊಬ್ಬರನ್ನು ಸಭೆಗೆ, ಅಡುಗೆಮನೆಗೆ, ಬಾಗಿಲ ಬಳಿಯ ರಂಗೋಲಿಗೆ ನಿಯೋಜಿಸಿ. ಉಳಿದವರು ಕುಳಿತು ಕಾರ್ಯಕ್ರಮ ನೋಡಲಿ.

ಎರಡನೆಯದು: ಬಳಕೆಯಿಲ್ಲದೆ ಕಪಾಟಿನಲ್ಲಿರುವ ಕ್ಯಾಮೆರಾ, ಲೆನ್ಸ್‌ಗಳನ್ನು ಕೂಡಿಸಿ ಸಂಘದ ಎರವಲು ಭಂಡಾರವೊಂದನ್ನು ತೆರೆಯಿರಿ. ಒಂದು ಮ್ಯಾಕ್ರೋ ಲೆನ್ಸನ್ನು ಎಲ್ಲರೂ ಸೇರಿ ಕೊಂಡರೆ ಐವತ್ತು ಮನೆಗಳಿಗೆ ಸಾಕು. ಹದಿನಾರರ ಹರೆಯದ ಮಕ್ಕಳಿಗೆ ಮೊದಲು ಕೊಡಿ. ಅಜ್ಜಿಯ ಚಿತ್ರ ತೆಗೆಯುವ ನೆಪದಲ್ಲಾದರೂ ಅವರು ಅಜ್ಜಿಯೊಡನೆ ಒಂದು ಗಂಟೆ ಕನ್ನಡ ಮಾತನಾಡಿಯಾರು.

ಮೂರನೆಯದು: ವರ್ಷಕ್ಕೊಮ್ಮೆ 'ಹೆಸರಿಡುವ ದಿನ' ನಡೆಯಲಿ. ಹಳೆಯ ಆಲ್ಬಮ್, ಸ್ಲೈಡುಗಳನ್ನು ತಂದು, ಹಿರಿಯರಿಂದ ಕೇಳಿ, ಪ್ರತಿ ಮುಖಕ್ಕೂ ಹೆಸರು ಬರೆಯೋಣ, ಕನ್ನಡದಲ್ಲಿ ಮತ್ತು ಮೊಮ್ಮಕ್ಕಳು ಓದಬಲ್ಲ ಲಿಪಿಯಲ್ಲಿ.

ನಾಲ್ಕನೆಯದು: ಮಕ್ಕಳ ಚಿತ್ರಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಸಾಮಾಜಿಕ ಜಾಲತಾಣಕ್ಕೆ ಏರಿಸಬಾರದೆಂಬ ನಿಯಮ ಲಿಖಿತವಾಗಿರಲಿ. ಹಂಚುವ ಆತುರಕ್ಕಿಂತ ಕಾಪಾಡುವ ಹೊಣೆ ದೊಡ್ಡದು.

ಇವುಗಳನ್ನು ಜಾರಿಗೆ ತರಲು ದೊಡ್ಡ ಹಣ ಬೇಡ, ಹೊಸ ಕ್ಯಾಮೆರಾ ಬೇಡ, ಅನುದಾನದ ಅರ್ಜಿಯೂ ಬೇಡ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಮ್ಮ ನೆಲ ಸಮತಟ್ಟಾಗಿಯೇ ಇದೆ. ಮುಂದಿನ ರಾಜ್ಯೋತ್ಸವಕ್ಕೆ ಬರುವಾಗ ಇರುವ ಕ್ಯಾಮೆರಾವನ್ನೇ ತನ್ನಿ, ಆದರೆ ಅದನ್ನು ವೇದಿಕೆಗೆ ಬೆನ್ನುಮಾಡಿ ಒಮ್ಮೆ ತಿರುಗಿಸಿ. ಅಲ್ಲಿ ಕುಳಿತಿರುವವರ ಬಳಿ ಹೋಗಿ, ಮೊದಲು ಹೆಸರು ಕೇಳಿ, ಆಮೇಲೆ ಚಿತ್ರ ತೆಗೆಯಿರಿ, ವಾರದೊಳಗೆ ಮುದ್ರಿಸಿ ಅವರ ಕೈಗೆ ಕೊಡಿ. ಒಪ್ಪದವರು ಈ ಪುಟದಲ್ಲಿಯೇ ಪ್ರತ್ಯುತ್ತರ ಬರೆಯಲಿ. ಜೊತೆಯಲ್ಲಿ ತಾವು ಈ ವರ್ಷ ಮುದ್ರಿಸಿದ ಒಂದು ಚಿತ್ರವನ್ನೂ ಕಳಿಸಲಿ.